ತೂಕವಿಲ್ಲದ ಕಡೆಗೆ ಒಂದು ಚಿಟಿಕೆ ಸಕ್ಕರೆ

ಫ್ರಾನ್ಸಿಗೆ ಹೋಗಿ ಬಂದವರ ಹತ್ತಿರ ನಮ್ಮ ಓಣಿಯವರು ಮೊದಲು ಕೇಳುವುದು ಆ ಕಬ್ಬಿಣದ ಗೋಪುರದ ಮುಂದೆ ನಿಂತ ಫೋಟೊ. ನನ್ನಲ್ಲಿ ಅದಿಲ್ಲ. ಇರುವುದು ಒಂದೇ ಫೋಟೊ. ಅದರಲ್ಲಿ ನಾನು ಅಂಗಿ ಪ್ಯಾಂಟು ಒಂದಾಗಿ ಹೊಲಿದ ನೀಲಿ ಪೋಷಾಕು ತೊಟ್ಟು, ಕಾಲು ಮೇಲೆ ತಲೆ ಕೆಳಗೆ ಮಾಡಿಕೊಂಡು, ಬಾಯಿ ತೆರೆದು ಗಾಳಿಯಲ್ಲಿದ್ದೇನೆ. ಜಡೆ ಒಂದು ಕಡೆ, ಕನ್ನಡಕ ಇನ್ನೊಂದು ಕಡೆ. ಸಿದ್ಧೇಶ್ವರ ಗುಡಿಯ ಹತ್ತಿರದ ನಮ್ಮ ಮನೆಗೆ ಬಂದ ಪಕ್ಕದ ಮನೆಯ ಕಾಕು ಫೋನನ್ನು ಎರಡು ಸಲ ತಿರುಗಿಸಿ ನೋಡಿ, "ಬಿದ್ದಿದ್ರೇನ್ರಿ ಬಾಯಾರ? ಪೆಟ್ಟ ಹತ್ತಲಿಲ್ಲಲಾ?" ಎಂದು ಕೇಳಿದರು.

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಬಿದ್ದದ್ದೇ. ತೂಕವಿಲ್ಲದೆ ಇರುವುದೆಂದರೆ ಎಲ್ಲೂ ತಾಗದೆ ಬೀಳುತ್ತಲೇ ಇರುವುದು. ಹಾಗೆ ಬೀಳಲಿಕ್ಕೆಂದೇ ನಾನು ಅಷ್ಟು ದೂರ ಹೋಗಿದ್ದೆ.

ಗುಡಿ ಓಣಿ, ಹೊರಡುವ ಮುನ್ನ

ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವವಳು. ಹೆಪ್ಪುಗಟ್ಟುವುದು ನನ್ನ ಹುಚ್ಚು. ಹಾಲು ಮೊಸರಾಗುವುದು, ಗಿಣ್ಣದ ಹಾಲು ಬೆಂದು ಗಟ್ಟಿಯಾಗುವುದು, ಬೆರಳು ಕೊಯ್ದುಕೊಂಡಾಗ ರಕ್ತ ತಾನಾಗಿ ನಿಲ್ಲುವುದು, ಈ ಮೂರರಲ್ಲೂ ನಡೆಯುವ ಕೆಲಸ ಹೆಚ್ಚುಕಡಿಮೆ ಒಂದೇ. ನೀರಿನಲ್ಲಿ ತಮ್ಮಷ್ಟಕ್ಕೆ ತಾವು ಅಡ್ಡಾಡಿಕೊಂಡಿದ್ದ ಪ್ರೋಟೀನುಗಳು ಒಂದರ ಕೈ ಒಂದು ಹಿಡಿದು ಬಲೆ ನೇಯುತ್ತವೆ. ನೀರು ಬಲೆಯಲ್ಲಿ ಸಿಕ್ಕಿಬೀಳುತ್ತದೆ. ಇದಕ್ಕೆ ಜೆಲ್ ಎನ್ನುತ್ತಾರೆ.

ಭೂಮಿಯ ಮೇಲೆ ಈ ನೇಯ್ಗೆ ಸಮನಾಗಿ ಬರುವುದಿಲ್ಲ. ಬಲೆ ಮುಗಿಯುವ ಮೊದಲೇ ಭಾರವಾದದ್ದು ತಳಕ್ಕೆ ಜಾರುತ್ತದೆ, ಹಗುರಾದದ್ದು ಮೇಲೇರುತ್ತದೆ. ತೂಕವೇ ಇಲ್ಲದ ಕಡೆ ಹೆಪ್ಪುಗಟ್ಟಿಸಿದರೆ ಬಲೆ ಎಲ್ಲ ಕಡೆ ಒಂದೇ ತೆರನಾಗಿ ಬರಬೇಕು. ಬಂದರೆ ಸುಟ್ಟ ಗಾಯಕ್ಕೆ ಹೊದಿಸುವ ಪದರನ್ನು, ಮೊಣಕಾಲಿನ ಸವೆದ ಮೆತ್ತೆಯನ್ನು ಇನ್ನೂ ಚೆನ್ನಾಗಿ ಮಾಡುವ ದಾರಿ ಸಿಗಬಹುದು. ಇದು ನನ್ನ ಲೆಕ್ಕ. ಲೆಕ್ಕ ಸರಿಯೋ ತಪ್ಪೋ ನೋಡಲು ತೂಕವಿಲ್ಲದ ಜಾಗ ಬೇಕಲ್ಲ, ಅದು ವಿಜಯಪುರ ಜಿಲ್ಲೆಯಲ್ಲಿ ಸಿಗುವುದಿಲ್ಲ.

ಫ್ರಾನ್ಸಿನ ಬೋರ್ಡೊ ಊರಿನಿಂದ ಒಂದು ವಿಮಾನ ಹಾರುತ್ತದೆ. ಕಡಿದಾಗಿ ಮೇಲೇರಿ, ಎಸೆದ ಕಲ್ಲಿನಂತೆ ಕಮಾನಾಗಿ ಬಾಗಿ ಇಳಿಯುತ್ತದೆ. ಆ ಕಮಾನಿನ ಹೊತ್ತಿನಲ್ಲಿ ಒಳಗಿರುವ ಮನುಷ್ಯರಿಗೂ ಸಾಮಾನಿಗೂ ತೂಕವಿರುವುದಿಲ್ಲ. ಇಪ್ಪತ್ತು ಸೆಕೆಂಡಿನ ಆಟ. ಮತ್ತೆ ಏರುವುದು, ಮತ್ತೆ ಬೀಳುವುದು. ಅಲ್ಲಿನ ವಿಜ್ಞಾನಿ ಕ್ಲೇರ್ ಎಂಬವರೂ ನಾನೂ ಜೊತೆಯಾಗಿ ವರ್ಷಗಟ್ಟಲೆ ಅರ್ಜಿ ಹಾಕಿ, ಇಲ್ಲ ಎನ್ನಿಸಿಕೊಂಡು, ಕೊನೆಗೆ ಒಂದೇ ಒಂದು ಹಾರಾಟದಲ್ಲಿ ಒಂದು ಮೂಲೆ ಗಿಟ್ಟಿಸಿದ್ದೆವು. ತಪ್ಪಿದರೆ ಮತ್ತೆ ಸಿಗುತ್ತದೆಂದು ಯಾರೂ ಹೇಳಿರಲಿಲ್ಲ. ನನ್ನ ವಯಸ್ಸು ಐವತ್ತು ದಾಟಿ ಬಹಳ ದಿನವಾಗಿದೆ. ವೈದ್ಯರ ಪರೀಕ್ಷೆಯಲ್ಲಿ ಇನ್ನೊಂದು ಸಲ ಪಾಸಾಗುವ ಧೈರ್ಯ ನನ್ನ ಮೊಣಕಾಲಿಗೂ ಇರಲಿಲ್ಲ, ರಕ್ತದೊತ್ತಡಕ್ಕೂ ಇರಲಿಲ್ಲ.

ಹೊರಡುವ ಹಿಂದಿನ ದಿನ ತವರೂರು ಟಿಕೋಟಾದಿಂದ ಅವ್ವ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ, ತುಂಬ ಶೇಂಗಾ ಹೋಳಿಗೆ.

"ಅಲ್ಲಿಗಿ ಹೋಗಿ ಏನ ಮಾಡ್ತಿ?" ಎಂದು ಕೇಳಿದಳು.

"ಮಸರ ಹೆಪ್ಪ ಹಾಕ್ತೀವಲಾಬೇ, ಹಂತಾದೊಂದ ಕೆಲಸ. ವಿಮಾನದಾಗ."

"ಮಸರ ಹೆಪ್ಪ ಹಾಕಾಕ ಅಷ್ಟ ದೂರ ಯಾಕ? ಇಲ್ಲೆ ಹಾಲ ಸಿಗಂಗಿಲ್ಲೇನು?"

"ಅಲ್ಲೆ ತೂಕ ಇರಂಗಿಲ್ಲಬೇ."

"ತೂಕ ಇಲ್ಲದ ಮಸರ ಯಾರ ಕೊಳ್ತಾರ?" ಎಂದಳು ಅವ್ವ. ಹಾಲು, ಮೊಸರು, ಬೆಣ್ಣೆ ಮಾರಿ ನಮ್ಮನ್ನು ಓದಿಸಿದವಳು.

ಅದು ಮೊಸರಲ್ಲ ಎಂದು ಹೇಳಲಿಲ್ಲ. ನಮ್ಮ ಜೆಲ್ ಫೈಬ್ರಿನ್. ಗಾಯವಾದಾಗ ರಕ್ತವನ್ನು ನಿಲ್ಲಿಸುತ್ತದಲ್ಲ, ಆ ಬಲೆ. ದಾನವಾಗಿ ಬಂದ ಮನುಷ್ಯರ ರಕ್ತದಿಂದಲೇ ಆ ಪ್ರೋಟೀನನ್ನು ತೆಗೆಯುತ್ತಾರೆ. ಅವ್ವ ತತ್ತಿಯ ಹೆಸರು ಕಿವಿಗೆ ಬಿದ್ದರೆ ಬಾಯಿ ಮುಕ್ಕಳಿಸಿ ಬರುವವಳು. ಸುಮ್ಮನೆ ಯಾಕೆ ರಾದ್ಧಾಂತ ಎಂದುಕೊಂಡೆ.

ಮೇಜಿನ ಮೇಲೆ ಕ್ಲೇರ್ ಅವರ ಪೆಟ್ಟಿಗೆಯಿತ್ತು. ಅದರೊಳಗೆ ಒಂದು ಡಜನ್ ಗಾಜಿನ ಡಬ್ಬಿಗಳು, ಒಂದೊಂದೂ ಬೆಂಕಿಪೊಟ್ಟಣದಷ್ಟು. ನಡುವೆ ತೆಳು ಬಾಗಿಲು, ಅದನ್ನು ಸರಿಸಲು ಒಂದು ಸನ್ನೆ ಅಂದರೆ ಪುಟ್ಟ ಹಿಡಿಕೆ, ಮೇಲೆ ಎರಡು ರಬ್ಬರ್ ಬೂಚು. ಒಂದು ಬದಿಗೆ ಪ್ರೋಟೀನಿನ ದ್ರವ, ಇನ್ನೊಂದು ಬದಿಗೆ ಅದನ್ನು ಹೆಪ್ಪುಗಟ್ಟಿಸುವ ದ್ರವ. ಸನ್ನೆ ಎಳೆದರೆ ಎರಡೂ ಕೂಡುತ್ತವೆ. ನಾನು ಕೈ ಪಳಗಿಸಿಕೊಳ್ಳಲಿ ಎಂದು ಅವರು ಕಳಿಸಿದ್ದರು. ತೊಳೆದು, ಒಣಗಿಸಿ, ಕ್ಲಿಪ್ಪು ಹಾಕಿ ಇಟ್ಟಿದ್ದೆ.

"ಇವು ಯಾರವು?" ಅವ್ವ ಕೇಳಿದಳು.

"ಅಲ್ಲಿ ಕ್ಲೇರ್ ಬಾಯಾರವು. ಹೊಳ್ಳಿ ಕೊಡಬೇಕು."

ಅವ್ವ "ಹೂಂ" ಎಂದಳು. ನಾನು ಸೀರೆ ಮಡಚುತ್ತಿದ್ದೆ. ಆ ಹೂಂ ಕಡೆಗೆ ಸ್ವಲ್ಪ ಲಕ್ಷ್ಯ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪ್ಯಾರಿಸ್

ಪ್ಯಾರಿಸನ್ನು ನಾನು ಕಂಡಿದ್ದು ಗಾಜಿನ ಒಳಗಿನಿಂದ. ಮಳೆ ಬರುತ್ತಿತ್ತು. ಸಾಮಾನು ನೋಡುವ ಅಧಿಕಾರಿ ಗಾಜಿನ ಪೆಟ್ಟಿಗೆಯ ಕಾಗದಪತ್ರ ಓದಿ, ತಲೆಯಾಡಿಸಿ, ತೆರೆಯದೆಯೇ ಆ ಕಡೆ ಸರಿಸಿದ. ಸ್ಟೀಲಿನ ಡಬ್ಬಿಯ ಮೇಲೆ ಮಾತ್ರ ಅವನಿಗೆ ಬಹಳ ಅನುಮಾನ ಬಂತು. ಒಂದೊಂದೇ ಹೋಳಿಗೆ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಏನಿದು?" ಎಂದ. "ರೊಟ್ಟಿ, ಸಿಹಿ" ಎಂದೆ. "ಇಷ್ಟೊಂದಾ?" ಎಂದ. ನಮ್ಮ ಕಡೆ ಒಬ್ಬರ ಮನೆಗೆ ಹೋಗುವಾಗ ಎಷ್ಟು ಒಯ್ಯಬೇಕು ಎಂಬುದನ್ನು ಆ ಸಾಲಿನಲ್ಲಿ ನಿಂತು ಹೇಗೆ ವಿವರಿಸಲಿ? ಕೊನೆಗೆ ಬಿಟ್ಟ.

ಬೋರ್ಡೊ, ಊಟದ ಮೇಜು

ಬೋರ್ಡೊ ಸುತ್ತಲೂ ದ್ರಾಕ್ಷಿ. ದ್ರಾಕ್ಷಿ ನಡುವೆಯೇ ಬೆಳೆದ ಟಿಕೋಟಾದ ಹುಡುಗಿಗೆ ದ್ರಾಕ್ಷಿ ತೋಟ ತೋರಿಸಲು ಕ್ಲೇರ್ ಕಾರು ನಿಲ್ಲಿಸಿದರು. ನಾನು ಇಳಿದು ಬಳ್ಳಿ ಮುಟ್ಟಿ, "ಚಾಟ್ನಿ ಯಾವಾಗ ಮಾಡಿದಿರಿ?" ಎಂದು ಕೇಳಿದೆ. ಬಳ್ಳಿ ಕತ್ತರಿಸುವುದಕ್ಕೆ ನಮ್ಮಲ್ಲಿ ಚಾಟ್ನಿ ಎನ್ನುತ್ತೇವೆ, ಅಲ್ಲಿ ಏನೆನ್ನುತ್ತಾರೋ ಅವರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಹಣ್ಣನ್ನು ಶೆಡ್ಡಿನಲ್ಲಿ ಒಣಗಿಸುತ್ತೇವೆ, ಅವರು ಹಿಂಡಿ ಕುಡಿಯುತ್ತಾರೆ. ಹಣ್ಣಿಗೆ ಎರಡೂ ಕಡೆ ನೆಮ್ಮದಿಯಿಲ್ಲ.

ಕ್ಲೇರ್ ಎತ್ತರದ, ಒಣಗಿದ ಹೆಂಗಸು. ನಗು ಎಂಬುದನ್ನು ದಿನಾ ಬಳಸಿ ಯಾಕೆ ಸವೆಸಬೇಕು ಎನ್ನುವ ಮುಖ. ಅವರ ಇಂಗ್ಲಿಷು ಮೂಗಿನಿಂದ, ನನ್ನದು ಎದೆಯಿಂದ. ಇಬ್ಬರಿಗೂ ತಿಳಿದದ್ದನ್ನು ಮಾತ್ರ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಊರಿನ ಒಂದು ರೀತಿ ನನಗೆ ತಿಳಿಯಲು ಅರ್ಧ ದಿನ ಹಿಡಿಯಿತು. ಅಂಗಡಿಗೆ ಹೋದವರು ಮೊದಲು ನಮಸ್ಕಾರ ಹೇಳಬೇಕು. ಹೇಳದೆ "ಬಾಳೆಹಣ್ಣು ಎಷ್ಟಕ್ಕೆ?" ಎಂದರೆ ಅಂಗಡಿಯಾಕೆ ನಿಮ್ಮನ್ನು ದಾಟಿ ಗೋಡೆ ನೋಡುತ್ತಾಳೆ. ನಮ್ಮ ಗುಡಿ ಮುಂದಿನ ಸಂತೆಯಲ್ಲಿ ಕಾಯಿಪಲ್ಲೆಯಾಕೆಗೆ ನಮಸ್ಕಾರ ಹೇಳಿ ನೋಡಿ. ಉದ್ರಿ ಕೇಳಲು ಬಂದಿದ್ದಾರೆಂದು ಮುಖ ತಿರುಗಿಸುತ್ತಾಳೆ.

ಊಟವನ್ನು ಅವರು ಪೂಜೆಯಂತೆ ಮಾಡುತ್ತಾರೆ. ಮೇಜಿನ ತುದಿಯಲ್ಲಿ ಜ್ಯಾಕ್ ಎಂಬವರು ಕೂತಿದ್ದರು. ವಿಮಾನದ ಸುರಕ್ಷತೆಯ ಮುಖ್ಯಸ್ಥರು, ಗುಂಡಗಿನ ಮನುಷ್ಯ, ಹುಬ್ಬು ಮಾತ್ರ ಬಹಳ ದಪ್ಪ. ಅಲ್ಲಿ ಬ್ರೆಡ್ಡನ್ನು ತಟ್ಟೆಯಲ್ಲಿಡದೆ ನೇರ ಮೇಜಿನ ಮೇಲೇ ಇಡುತ್ತಾರೆ. ನಾನು ಉದ್ದನೆಯ ಬ್ರೆಡ್ಡಿನಿಂದ ಒಂದು ತುಂಡು ಮುರಿದು ಉಳಿದದ್ದನ್ನು ಇಟ್ಟೆ. ಜ್ಯಾಕ್ ಮಾತಾಡುತ್ತಲೇ ಕೈ ಚಾಚಿ ಅದನ್ನು ತಿರುಗಿಸಿ ಇಟ್ಟರು. ಸ್ವಲ್ಪ ಹೊತ್ತಿಗೆ ನಾನು ಮತ್ತೆ ಮುರಿದೆ, ಇಟ್ಟೆ. ಅವರು ಮತ್ತೆ ತಿರುಗಿಸಿದರು. ಮೂರನೆಯ ಸಲ ಮುರಿಯಲಿಲ್ಲ. ಬ್ರೆಡ್ಡಿಗೆ ಸಹ ಹೀಗೇ ಕೂರು ಎನ್ನುವ ಮನುಷ್ಯ ನನ್ನ ಪೆಟ್ಟಿಗೆಯನ್ನು ಹೇಗೆ ತಪಾಸಣೆ ಮಾಡುತ್ತಾನೋ ಎಂದು ಹೆದರಿಕೆಯಾಯಿತು.

ಕೊನೆಗೆ ಮೊಸರು ಬಂತು, ಗಾಜಿನ ಪುಟ್ಟ ಪುಟ್ಟ ಬರಣಿಯಲ್ಲಿ. ಎಲ್ಲರೂ ಅದಕ್ಕೆ ಸಕ್ಕರೆ ಹಾಕಿಕೊಂಡರು. ನಾನು ಚೀಲದಿಂದ ಶೇಂಗಾ ಹಿಂಡಿ, ಅಂದರೆ ನಮ್ಮ ಖಾರದ ಚಟ್ನಿಪುಡಿ, ತೆಗೆದು ಉದುರಿಸಿಕೊಂಡೆ. ಕ್ಲೇರ್ ರುಚಿ ನೋಡುತ್ತೇನೆಂದು ಒಂದು ಚಮಚ ಹಾಕಿಕೊಂಡು, ಆಮೇಲೆ ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತ ಕೂತರು. ಕಣ್ಣಲ್ಲಿ ನೀರಿತ್ತು. ಆದರೂ "ಸ್ವಾರಸ್ಯವಾಗಿದೆ" ಎಂದರು.

ತಪಾಸಣೆಯ ದಿನ

ವಿಮಾನ ನಿಲ್ಲುವ ಆ ಶೆಡ್ಡು ನಮ್ಮ ತಮ್ಮನ ಒಣದ್ರಾಕ್ಷಿ ಶೆಡ್ಡಿನಂಥ ಹತ್ತಿಪ್ಪತ್ತು ಶೆಡ್ಡು ನುಂಗುವಷ್ಟಿತ್ತು. ಒಂದೊಂದು ತಂಡಕ್ಕೆ ಒಂದೊಂದು ಮೇಜು. ನಿಯಮ ಒಂದೇ. ಪಟ್ಟಿಯಲ್ಲಿ ಇಲ್ಲದ ವಸ್ತು ವಿಮಾನ ಹತ್ತುವುದಿಲ್ಲ. ಯಾವುದಾದರೂ ತಂಡ ಅಲ್ಲಿ ನಪಾಸಾದರೆ ಅದರ ಜಾಗಕ್ಕೆ ಇಟಲಿಯ ಒಂದು ತಂಡ ಕಾಯ್ದಿತ್ತು. ಅವರು ಎಲ್ಲರ ಮೇಜಿನ ಮುಂದೆ ಅಡ್ಡಾಡುತ್ತ, ರೈಲಿನಲ್ಲಿ ಸೀಟಿಲ್ಲದವರು "ಎಲ್ಲಿ ಇಳಿಯುತ್ತೀರಿ?" ಎಂದು ಕೇಳುವ ಹಾಗೆ ನಗುತ್ತಿದ್ದರು.

ಜ್ಯಾಕ್ ಬಂದರು. ಪೆಟ್ಟಿಗೆಯ ಕ್ಲಿಪ್ಪು ತೆಗೆದರು. ಮೊದಲನೆಯ ಗಾಜಿನ ಡಬ್ಬಿ ಎತ್ತಿ ದೀಪಕ್ಕೆ ಹಿಡಿದರು. ಒಳಗೆ ಬಿಳಿ ಹರಳು.

"ಇದೇನು?"

ನಾನು ಬಗ್ಗಿ ನೋಡಿದೆ. ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ. ಒಂದು ಡಜನ್ ಡಬ್ಬಿ, ಒಂದೊಂದರಲ್ಲೂ ಒಂದೊಂದು ಚಿಟಿಕೆ, ಯಾರೋ ಬಹಳ ನಿಯತ್ತಿನಿಂದ ಹಾಕಿದ ಹಾಗೆ.

"ಪಟ್ಟಿಯಲ್ಲಿ ಖಾಲಿ, ಸ್ವಚ್ಛ, ಒಣಗಿದ್ದು ಎಂದು ಬರೆದಿದ್ದೀರಿ" ಎಂದರು ಜ್ಯಾಕ್.

ಕ್ಲೇರ್ ನನ್ನ ಕಡೆ ತಿರುಗಿದರು. ಆ ನೋಟಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

"ಗೊತ್ತಿಲ್ಲ" ಎಂದೆ.

"ಗೊತ್ತಿಲ್ಲದ ಪುಡಿ ವಿಮಾನ ಹತ್ತುವುದಿಲ್ಲ. ಅದನ್ನು ತಂದವರೂ ಹತ್ತುವುದಿಲ್ಲ."

ಇಟಲಿಯವರು ಎರಡು ಹೆಜ್ಜೆ ಹತ್ತಿರ ಬಂದರು. ವರ್ಷಗಟ್ಟಲೆಯ ಅರ್ಜಿ, ಕ್ಲೇರ್ ನನ್ನ ಮೇಲಿಟ್ಟ ನಂಬಿಕೆ, ಕಾಲೇಜಿನವರು ಹಾಕಿ ಕಳಿಸಿದ ಹೂಮಾಲೆ, ಎಲ್ಲ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಅವ್ವನ ಆ "ಹೂಂ" ನೆನಪಾಯಿತು.

"ಒಂದು ನಿಮಿಷ ಕೊಡಿ" ಎಂದು ಟಿಕೋಟಾಕ್ಕೆ ಫೋನು ಹಚ್ಚಿದೆ. ಜ್ಯಾಕ್ ತಮಗೂ ಕಾಣಬೇಕು ಎಂದದ್ದರಿಂದ ವಿಡಿಯೊ ಹಾಕಿದೆ. ಅವ್ವ ವಿಡಿಯೊ ಫೋನನ್ನೂ ಕಿವಿಗೇ ಹಿಡಿಯುವವಳು. ಹೀಗಾಗಿ ಪರದೆಯ ತುಂಬ ಅವಳ ಕಿವಿ, ಕಿವಿಯ ಬುಗುಡಿ, ಹಿಂದೆ ಒಣದ್ರಾಕ್ಷಿಯ ರಾಶಿ. ಫ್ರೆಂಚ್ ಸುರಕ್ಷತಾ ಮುಖ್ಯಸ್ಥರು ಆ ಕಿವಿಯನ್ನು ಗಂಭೀರವಾಗಿ ನೋಡಿದರು.

"ಯವ್ವಾ, ಆ ಗಾಜಿನ ಡಬ್ಬ್ಯಾಗ ಏನರೆ ಹಾಕೀ ಏನು?"

"ಹಾಕೀನಿ. ನೀ ಜಳಕಕ್ಕ ಹೋದಾಗ ಹಾಕೀನಿ. ಸಕ್ರಿ."

"ಯಾಕ ಹಾಕಿದಿಬೇ?"

"ಯಾಕ ಅಂದ್ರ? ಮಂದಿ ಭಾಂಡೆ ಬರಿದ ಹೊಳ್ಳಿ ಕೊಡ್ತಾರೇನ ಯಾರರೆ? ಅವರವ್ವ ಇಷ್ಟೂ ಕಲಿಸಿಲ್ಲ ಅಂತ ಆ ಬಾಯಾರ ನನಗ ಅನ್ನಬಾರದಲಾ. ಅಷ್ಟೀಷ್ಟ ಡಬ್ಬಿ, ಹೋಳಿಗಿ ಹಿಡಿಯಂಗಿಲ್ಲ. ಅದಕ ಸಕ್ರಿ ಹಾಕಿದೆ. ಯಾರವ ಬಾಜೂಕ ಉಸರ ಬಿಡಾಕತ್ತಾನಲಾ? ಊಟ ಆತೇನ ಕೇಳು."

ಜ್ಯಾಕ್ ಅವರ ಊಟ ಆಗಿದೆಯೇ ಎಂದು ಮೊದಲು ಕೇಳಿದೆ. ಆಮೇಲೆ ಉಳಿದದ್ದನ್ನು ಹೇಳಿದೆ. ನಮ್ಮಲ್ಲಿ ಇನ್ನೊಬ್ಬರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಸಕ್ಕರೆ, ಅಕ್ಕಿ, ನಾಲ್ಕು ಮೆಣಸಿನಕಾಯಿ, ಏನಾದರೂ ಹಾಕಿಯೇ ಕೊಡುತ್ತಾರೆ. ಇದು ಪ್ರಯೋಗಶಾಲೆಯ ಪಾತ್ರೆ ಎಂಬ ವಿನಾಯಿತಿ ನಮ್ಮ ತಾಯಿಯ ಹತ್ತಿರ ಇಲ್ಲ.

"ಖಾಲಿ ಕೊಟ್ಟರೆ ಏನಾಗುತ್ತದೆ?" ಎಂದು ಜ್ಯಾಕ್ ಕೇಳಿದರು.

"ಕೊಟ್ಟವರ ಮನೆಗೂ ತಗೊಂಡವರ ಮನೆಗೂ ಕೊರತೆ ಬರುತ್ತದೆ ಅಂತ."

"ನೀವು ನಂಬುತ್ತೀರಾ?"

"ನಂಬುವುದಿಲ್ಲ. ಆದರೆ ನಾನೂ ಖಾಲಿ ಕೊಟ್ಟವಳಲ್ಲ." ಇದು ಬಾಯಿಂದ ತಾನಾಗಿ ಬಂದುಬಿಟ್ಟಿತು.

ಜ್ಯಾಕ್ ಅವರ ದಪ್ಪ ಹುಬ್ಬು ಮೇಲೆ ಹೋಗಿ ಕೆಳಗೆ ಬಂತು. ಕೊನೆಗೆ, "ನೀವು ಬ್ರೆಡ್ಡನ್ನು ಬೋರಲು ಇಟ್ಟಿರಿ" ಎಂದರು.

"ಏನು?"

"ಊಟದಲ್ಲಿ. ಎರಡು ಸಲ. ನಮ್ಮಮ್ಮನ ಮನೆಯಲ್ಲಿ ಬ್ರೆಡ್ಡು ಬೋರಲು ಬಿದ್ದರೆ ಹಸಿವು ಮನೆಗೆ ಬರುತ್ತದೆ ಎನ್ನುತ್ತಾರೆ. ನಾನೂ ನಂಬುವುದಿಲ್ಲ. ಆದರೆ ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ."

ಅವರು ಪೆನ್ನು ತೆಗೆದು ತಮ್ಮ ಹಾಳೆಯಲ್ಲಿ ಬರೆದರು. ವಸ್ತು: ಸಕ್ಕರೆ. ಕಾರಣ ಎಂಬ ಕಡೆ ಸ್ವಲ್ಪ ಯೋಚಿಸಿ, "ತಾಯಿ" ಎಂದು ಬರೆದರು. ಸಂಜೆಯೊಳಗೆ ಎಲ್ಲ ತೊಳೆದು, ಒಣಗಿಸಿ ತೋರಿಸಬೇಕು, ಒಂದು ಹರಳು ಉಳಿದರೂ ಇಟಲಿ ಹಾರುತ್ತದೆ ಎಂದು ಹೇಳಿ ಮುಂದಿನ ಮೇಜಿಗೆ ಹೋದರು. ಪರದೆಯ ಮೇಲಿನ ಕಿವಿ ಇನ್ನೂ "ಊಟ ಆತೇನ್ರಿ?" ಎಂದು ಕೇಳುತ್ತಲೇ ಇತ್ತು.

ಕ್ಲೇರ್ ನಾನು ಇಬ್ಬರೂ ಬಚ್ಚಲಿನ ಮುಂದೆ ನಿಂತು ತೊಳೆದೆವು. ಹನ್ನೊಂದು ಡಬ್ಬಿ ಬೇಗ ಸ್ವಚ್ಛವಾದವು. ಹನ್ನೆರಡನೆಯದರಲ್ಲಿ ನಾನು ಆತುರಪಟ್ಟು ಸಕ್ಕರೆ ಉದುರಿಸುವ ಮೊದಲೇ ನೀರು ಬಿಟ್ಟೆ. ಅದು ಪಾಕವಾಗಿ ಬಾಗಿಲಿನ ಸಂದಿಗೆ ಇಳಿದುಬಿಟ್ಟಿತು. ಬಿಸಿನೀರು ಹಾಕಿ ಹಾಕಿ ಬಾಗಿಲು ಸಡಿಲವಾಯಿತು, ಆದರೆ ಸಂದಿಯ ಸಕ್ಕರೆಯೆಲ್ಲ ಹೋಯಿತೆಂದು ಆಣೆ ಮಾಡಿ ಹೇಳುವಂತಿರಲಿಲ್ಲ.

"ಇದನ್ನು ಬಿಟ್ಟುಬಿಡೋಣ" ಎಂದೆ. "ಜಾಗ ಖಾಲಿ ಇರಲಿ."

ಕ್ಲೇರ್ ಅದನ್ನು ಅಂಗೈಯಲ್ಲಿ ಹಿಡಿದು ನೋಡುತ್ತ, "ಖಾಲಿ ಒಯ್ಯಬಾರದಲ್ಲವೇ?" ಎಂದರು. ಮುಖದ ಮೇಲೆ ನಗು ಇರಲಿಲ್ಲ. ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ಅವರು ಮುಂದುವರಿಸಿದರು. "ಒಂದು ಬದಿಯ ದ್ರವಕ್ಕೆ ನಾವೇ ಸಕ್ಕರೆ ಹಾಕೋಣ, ಪಟ್ಟಿಯಲ್ಲಿ ಬರೆಸೋಣ. ಸಕ್ಕರೆ ಬೆರೆತದ್ದು ಭಾರ. ಇಲ್ಲಿ ಸನ್ನೆ ಎಳೆದರೆ ಅದು ಕೂಡಲೇ ತಳಕ್ಕೆ ಇಳಿಯುತ್ತದೆ. ವಿಮಾನದಲ್ಲಿ ಇಳಿಯದಿದ್ದರೆ ಯಂತ್ರ ಬೇಡ, ಕಣ್ಣಿಗೇ ಕಾಣುತ್ತದೆ."

ಜ್ಯಾಕ್ ಒಪ್ಪಿದರು. ಸಕ್ಕರೆ ಈಗ ಪಟ್ಟಿಯಲ್ಲಿತ್ತು.

ಮೋಡದ ಮೇಲೆ

ಹತ್ತುವ ಮೊದಲು ವಾಂತಿಯಾಗದಿರಲೆಂದು ಸೂಜಿ ಚುಚ್ಚುತ್ತಾರೆ. ಇಂಥ ಅನುಭವ ಹಿಂದೆ ಆಗಿದೆಯೇ ಎಂದು ವೈದ್ಯೆ ಕೇಳಿದಳು. ಆಗಿದೆ ಎಂದೆ. ನನ್ನ ಗಂಡನ ಊರು ಬಬಲೇಶ್ವರ. ಮದುವೆಯಾದ ಹೊಸತರಲ್ಲಿ ಸಾರವಾಡದ ಮೇಲೆ ಹಾಯ್ದು ಹೋಗುವ ಬಸ್ಸಿನ ಹಿಂದಿನ ಸೀಟೇ ನನಗೆ ಸಿಗುತ್ತಿತ್ತು. ಹಂಪು ಬಂದಾಗಲೆಲ್ಲ ತೂಕ ಹೋಗಿ ಬರುತ್ತಿತ್ತು, ತಲೆ ಟಾಪಿಗೆ ಬಡಿಯುತ್ತಿತ್ತು. ವೈದ್ಯೆ ಇದನ್ನೆಲ್ಲ ಬರೆದುಕೊಳ್ಳಲಿಲ್ಲ.

ವಿಮಾನದ ಒಳಗೆ ಸೀಟುಗಳಿಲ್ಲ, ಗೋಡೆಗೆಲ್ಲ ಬಿಳಿ ಗಾದಿ. ಏರುವಾಗ ಮೈ ಎರಡು ಪಟ್ಟು ಭಾರವಾಗುತ್ತದೆ. ನನ್ನ ತೂಕದ ಎರಡು ಪಟ್ಟು ಎಷ್ಟೆಂದು ಇಲ್ಲಿ ಹೇಳುವುದಿಲ್ಲ. ಕೆನ್ನೆ ಜೋತುಬೀಳುತ್ತದೆ, ಕೈ ಎತ್ತಿದರೆ ತುಂಬಿದ ಕೊಡ ಎತ್ತಿದ ಹಾಗಾಗುತ್ತದೆ. ಆಮೇಲೆ ಯಾರೋ ಫ್ರೆಂಚಿನಲ್ಲಿ ಕೂಗುತ್ತಾರೆ, ಎಲ್ಲ ಹೋಗಿಬಿಡುತ್ತದೆ. ಮೊಣಕಾಲು ನೋವು ಸಹ. ಮೊದಲ ಸಲ ನಾನು ಸನ್ನೆ ಎಳೆಯಲು ಮರೆತು, ನೋವಿಲ್ಲದ ಮೊಣಕಾಲನ್ನೇ ಸವರುತ್ತ ನಿಂತೆ.

ಎರಡನೆಯ ಕಮಾನಿಗೆ ಕ್ಲೇರ್ ಅವರ ಮುಖ ಬಾಳೆ ದಿಂಡಿನ ಬಣ್ಣಕ್ಕೆ ತಿರುಗಿತು. ಮೂರನೆಯದಕ್ಕೆ ಕಾಗದದ ಚೀಲ ಹಿಡಿದರು. ಇಂಥ ಹಾರಾಟಕ್ಕಾಗಿ ಅರ್ಧ ಆಯುಷ್ಯ ಕಾಯ್ದ ಹೆಂಗಸು ಗೋಡೆಗೆ ಒರಗಿ ಕಣ್ಣು ಮುಚ್ಚಿಬಿಟ್ಟರು. ನಾನು ಒಂದು ಕೈಯಿಂದ ಅವರ ಬೆನ್ನು ತಿಕ್ಕುತ್ತ, ಇನ್ನೊಂದು ಕೈಯಿಂದ ಸನ್ನೆ ಎಳೆಯುತ್ತ ಹೋದೆ. "ಆತ್ರಿ, ಆತ್ರಿ, ಇನ್ನ ಸ್ವಲ್ಪ ಐತಿ" ಎಂದು ಕನ್ನಡದಲ್ಲೇ ಸಮಾಧಾನ ಮಾಡಿದೆ. ಅವರೂ ಫ್ರೆಂಚಿನಲ್ಲಿ ಏನೋ ಹೇಳಿದರು. ಅಂಥ ಹೊತ್ತಿನಲ್ಲಿ ಯಾವ ಭಾಷೆಯಾದರೇನು, ಅರ್ಥವಾಗುತ್ತದೆ.

ಹನ್ನೊಂದು ಡಬ್ಬಿ ಮುಗಿದವು. ಉಳಿದದ್ದು ಅವ್ವನ ಸಕ್ಕರೆಯದು. ಕಮಾನು ಶುರುವಾಯಿತು, ಸನ್ನೆ ಎಳೆದೆ, ಮುಖವನ್ನು ಗಾಜಿನ ಹತ್ತಿರ ಒಯ್ದೆ. ಸಂದಿಯಿಂದ ಸಕ್ಕರೆಯ ದ್ರವ ಒಳಗೆ ಬಂತು. ನಮ್ಮ ಕಾಲೇಜಿನಲ್ಲಿ ಆಗಿದ್ದರೆ ದಾರದಂತೆ ತಳಕ್ಕೆ ಹರಿಯುತ್ತಿತ್ತು. ಇಲ್ಲಿ ಇಳಿಯಲಿಲ್ಲ. ನಡುವೆಯೇ ಒಂದು ಉಂಡೆಯಾಗಿ ನಿಂತಿತು. ಅದರ ಸುತ್ತ ಬೆಳ್ಳಗೆ, ನಿಧಾನಕ್ಕೆ, ಎಲ್ಲ ಕಡೆಗೂ ಒಂದೇ ಸಮನಾಗಿ ಬಲೆ ಹರಡಿತು. ಯಾವುದೂ ಮೇಲಿಲ್ಲ, ಯಾವುದೂ ಕೆಳಗಿಲ್ಲ. ಇಷ್ಟು ವರ್ಷ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದ್ದು ಕಣ್ಣ ಮುಂದೆ ಆಗುತ್ತಿತ್ತು. ನನಗೆ ಅಳು ಬಂತು. ಅಳುವುದಕ್ಕೂ ತೂಕ ಬೇಕು ಎಂಬುದು ಆಗ ಗೊತ್ತಾಯಿತು. ಕಣ್ಣೀರು ಕೆಳಗೆ ಇಳಿಯದೆ ಕಣ್ಣಿಗೇ ಅಂಟಿ ಕೂತು, ಎಲ್ಲ ಮಸುಕಾಯಿತು.

ಆ ಸಂಭ್ರಮದಲ್ಲಿ, ನೆಲಕ್ಕೆ ಹೊಲಿದ ಪಟ್ಟಿಯಲ್ಲಿ ಸಿಕ್ಕಿಸಿದ್ದ ಕಾಲು ಯಾವಾಗ ಜಾರಿತೋ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು ನೋಡುತ್ತೇನೆ, ಕ್ಲೇರ್ ಚಾವಣಿಯಲ್ಲಿ ಕೂತಿದ್ದಾರೆ. ಅಲ್ಲ, ನಾನೇ ತಲೆಕೆಳಗಾಗಿದ್ದೆ. ಆಗ ಫ್ರೆಂಚಿನ ಕೂಗು ಕೇಳಿಸಿತು. ತೂಕ ಇನ್ನೇನು ಮರಳಿ ಬರುವುದಿತ್ತು, ಅದೂ ಎರಡು ಪಟ್ಟು, ನೇರ ನನ್ನ ತಲೆಯ ಮೇಲೆ. ಸುರಕ್ಷತೆ ನೋಡಲು ಜೊತೆಗೇ ಹಾರಿದ್ದ ಜ್ಯಾಕ್ ತಮ್ಮ ಜಾಗದಿಂದ ಕೈ ಚಾಚಿ ನನ್ನ ಕಾಲು ಹಿಡಿದು, ಮೇಜಿನ ಮೇಲಿನ ಬ್ರೆಡ್ಡನ್ನು ತಿರುಗಿಸಿದ ಹಾಗೆಯೇ ನನ್ನನ್ನೂ ತಿರುಗಿಸಿ ನೆಲದ ಮೇಲೆ ಇಟ್ಟರು.

"ಬೋರಲು ಇರಬಾರದು" ಎಂದರು.

ಗಾದಿಗೆ ಒರಗಿದ್ದ ಕ್ಲೇರ್ ಚೀಲವನ್ನು ಬಾಯಿಯಿಂದ ತೆಗೆದು ಗಟ್ಟಿಯಾಗಿ ನಕ್ಕರು. ಅವರು ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಮರುಕ್ಷಣ ಚೀಲ ಮತ್ತೆ ಬೇಕಾಯಿತು.

ಟಿಕೋಟಾ

ಜೆಲ್ಲುಗಳ ಪೂರ್ತಿ ಲೆಕ್ಕ ಇನ್ನೂ ನಡೆದಿದೆ. ಮೊದಲ ನೋಟಕ್ಕೆ ಬಲೆ ಸಮನಾಗಿ ಬಂದಿದೆ ಎಂದು ಕ್ಲೇರ್ ಬರೆದಿದ್ದಾರೆ. ಹೊರಡುವ ದಿನ ಅವರು, ನಾನು ಹೋಳಿಗೆ ಸಮೇತ ಕೊಟ್ಟಿದ್ದ ಅವ್ವನ ಸ್ಟೀಲಿನ ಡಬ್ಬಿಯನ್ನು ನನ್ನ ಕೈಗಿಟ್ಟು, "ನಿಮ್ಮ ತಾಯಿಯೇ ತೆರೆಯಲಿ" ಎಂದರು. ಡಬ್ಬಿ ಭಾರವಿತ್ತು.

ಬಂದ ಮರುದಿನವೇ ಟಿಕೋಟಾಕ್ಕೆ ಹೋದೆ. ಅವ್ವ ಪಡಸಾಲೆಯಲ್ಲಿ ಕೂತು ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದಳು. ಕೈ ಒರೆಸಿಕೊಂಡು ಡಬ್ಬಿಯ ಮುಚ್ಚಳ ತೆಗೆದಳು. ತುಂಬ ಸಕ್ಕರೆಯ ಚೌಕ ತುಂಡುಗಳು. ಅವುಗಳ ನಡುವೆ ಅಲುಗದಂತೆ, ಹತ್ತಿಯಲ್ಲಿ ಸುತ್ತಿದ ಗಾಜಿನ ಡಬ್ಬಿ.

"ಬರಿದ ಕೊಟ್ಟಿಲ್ಲ ನೋಡ" ಎಂದಳು ಅವ್ವ. ಒಂದು ತುಂಡು ಬಾಯಿಗೆ ಹಾಕಿಕೊಂಡಳು. "ಸೀ ಸ್ವಲ್ಪ ಕಮ್ಮಿ ಐತಿ. ಆದ್ರೂ ಚಲೋ ಮನಿತನದಾಕಿ ಇರಬೇಕು."

ಗಾಜಿನೊಳಗೆ ಕೆಡದ ಹಾಗೆ ಮುಚ್ಚಿದ ಆ ಜೆಲ್ ಇತ್ತು. ಸಕ್ಕರೆ ಅಷ್ಟರಲ್ಲಿ ಕರಗಿ ಹರಡಿತ್ತು, ಆದರೂ ನಡುವೆ ಒಂದು ಉಂಡೆಯ ಗುರುತು ಮಸುಕಾಗಿ ಉಳಿದಿತ್ತು. "ಇದ ನೀ ಹಾಕಿದ ಸಕ್ರಿಬೇ. ಮ್ಯಾಲ ಹೋಗಿ ಬಂದೈತಿ" ಎಂದೆ. ಅವ್ವ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಮುಖ ಅರಳಿತು.

"ಎಷ್ಟ ಚಂದ ಹೆಪ್ಪಾಗೈತಿ. ಒಂದೀಟೂ ನೀರ ಬಿಟ್ಟಿಲ್ಲ" ಎಂದವಳೇ ಬೂಚಿಗೆ ಉಗುರು ಹಾಕಿದಳು. "ರುಚಿ ನೋಡೂನು ತಡಿ."

ನಾನು ಹಾರಿ ಅದನ್ನು ಕಸಿದುಕೊಂಡೆ. ಇನ್ನು ಮುಚ್ಚಿಡುವಂತಿರಲಿಲ್ಲ.

"ಯವ್ವಾ, ಅದು ಮಸರಲ್ಲ. ರಕ್ತದಾಗಿಂದು. ಗಾಯ ಆದಾಗ ಹೆಪ್ಪ ಆಗತೈತಲಾ, ಅದು."

ಅವ್ವನ ಕೈ ಅಲ್ಲೇ ನಿಂತಿತು. "ಯಾರ್ದು?"

"ಯಾರೋ ದಾನ ಕೊಟ್ಟಿದ್ದು. ಹೆಸರ ಗೊತ್ತಿಲ್ಲ."

ಅವ್ವ ಸೆರಗಿಗೆ ಬೆರಳು ಒರೆಸಿಕೊಂಡಳು. ವಿಮಾನದಲ್ಲಿ ಎರಡು ಪಟ್ಟು ತೂಕ ಬಿದ್ದಾಗಲೂ ನನ್ನ ಎದೆ ಅಷ್ಟು ಭಾರವಾಗಿರಲಿಲ್ಲ. ಇನ್ನು ಜಳಕ, ಗಂಜಲ, ಒಂದು ವಾರ ಮುನಿಸು ಎಂದುಕೊಂಡೆ. ನನಗೆ ಅವಳ ಬೈಗುಳದ ಹೆದರಿಕೆಯಿರಲಿಲ್ಲ. ಅವಳ ಅರಳಿದ ಮುಖ ಬಾಡಿಬಿಡುತ್ತದಲ್ಲ ಎಂಬುದೇ ಹೆದರಿಕೆ.

"ಅಲ್ಲಲೇ ಸುವರ್ಣಾ" ಎಂದಳು ಕೊನೆಗೆ. "ಇಷ್ಟ ವರ್ಷ ಸಾಲಿ ಕಲಿಸಾಕತ್ತಿ. ಖರೇ ಹೇಳಾಕ ಏನಾಗಿತ್ತ ನಿನಗ? ಮಸರ ಅಂದಿ ಅಂತ ಸಕ್ರಿ ಹಾಕಿದೆ. ರಕ್ತಕ್ಕ ಯಾರರೆ ಸಕ್ರಿ ಹಾಕ್ತಾರೇನು? ಅರಿಷಿಣ ಹಾಕ್ತಿದ್ದೆ."

ಎದ್ದು ಒಳಗೆ ಹೋದಳು. ಡಬ್ಬಿಗಳ ಸಪ್ಪಳವಾಯಿತು. ಬರುವಾಗ ಕೈಯಲ್ಲಿ ಕಾಗದದ ಸಣ್ಣ ಪುಡಿಕೆ, ಬೆರಳ ತುದಿಯೆಲ್ಲ ಹಳದಿ. ಪುಡಿಕೆಯನ್ನು ಗಾಜಿನ ಪಕ್ಕದಲ್ಲಿಟ್ಟು ನನ್ನ ಮುಖ ನೋಡಿದಳು.

"ಈ ಗಾಜ ಅಕಿದಲಾ? ಹೊಳ್ಳಿ ಕೊಡಬೇಕಾಗತೈತಿ. ಮತ್ತ ಯಾವಾಗ ಹೋಗ್ತಿ?"